ಸಾಂಬ್ರಾದಿಂದ ಬೈತಖೋಲಕ್ಕೆ: ಕಡಲ ಮೀನಿನ ಲೆಕ್ಕ

ಬೆಳಗಾವಿಗೆ ಸುಮಾರು ಹತ್ತು ಕಿಲೋಮೀಟರ್ ದೂರದ ಸಾಂಬ್ರಾ ಎಂದೊಡನೆ ನೆನಪಾಗುವುದು ವಿಮಾನ ನಿಲ್ದಾಣ, ವಾಯುಪಡೆಯ ತರಬೇತಿ ಶಾಲೆ. ಸುತ್ತಲೂ ಹೊಲಗಳು, ಕಡಲಿನ ಸುಳಿವಿಲ್ಲ. ಆದರೆ ಬೆಳಗಾವಿಯ ಪೇಟೆಗೆ ಮಂಜುಗಡ್ಡೆಯೊಳಗೆ ಬರುವ ಮೀನು ಈ ಊರನ್ನೂ ಕಡಲಿಗೆ ಜೋಡಿಸಿದೆ. ಆ ಜಾಡು ಹಿಡಿದು ಖಾನಾಪುರ, ಲೋಂಡಾ, ರಾಮನಗರ, ಜೋಯಿಡಾ ದಾಟಿ, ಅಣಶಿ ಘಟ್ಟವಿಳಿದು, ಕದ್ರಾದಲ್ಲಿ ಕಾಳಿ ನದಿಯನ್ನು ಕಂಡು ಮುಂದೆ ಸಾಗಿದರೆ ಕಾರವಾರ.

ಅಲ್ಲಿನ ಬೈತಖೋಲ ಬಂದರಿನಲ್ಲಿ ಬಂಗುಡೆಯೇ ಹೆಸರುವಾಸಿ. ಕರಾವಳಿಯವರು ಕೇದರ ಎನ್ನುವ ಟ್ಯೂನಾ ಕೂಡ ಈ ಕಡಲಿನದೇ. ಕಡಲಿನಲ್ಲಿ ಎಷ್ಟು ಮೀನಿದೆ, ಎಷ್ಟು ಹಿಡಿಯಬಹುದು? 1947ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಕಾರವಾರದಲ್ಲೂ ಕೇಂದ್ರವಿದೆ. ಎಲ್ಲ ದೋಣಿಗಳನ್ನೂ ನೋಡಲಾಗದು. ಕೆಲವು ದಿನ, ಕೆಲವು ದೋಣಿಗಳನ್ನು ಆಯ್ದು ಮೀನಿನ ತೂಕ, ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದ, ಹೊಟ್ಟೆಯ ಮೊಟ್ಟೆಯ ಹಂತ ಇವನ್ನು ಗುರುತಿಸುತ್ತಾರೆ. ಅಷ್ಟೇ ದುಡಿಮೆಗೆ ವರ್ಷ ವರ್ಷ ಕಡಿಮೆ ಮೀನು, ಅದೂ ಚಿಕ್ಕ ಮೀನು ಸಿಗತೊಡಗಿದರೆ ಅದು ಎಚ್ಚರಿಕೆಯ ಗಂಟೆ.

ಇನ್ನೊಂದು ಉಪಾಯವನ್ನು ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದು. ಡಬ್ಬಿಯ ಅವರೆಕಾಳಿನಲ್ಲಿ 100ಕ್ಕೆ ಶಾಯಿ ಹಚ್ಚಿ ಮತ್ತೆ ಬೆರೆಸಿರಿ. ಕಣ್ಣುಮುಚ್ಚಿ 100 ಕಾಳು ತೆಗೆದಾಗ 5ಕ್ಕೆ ಗುರುತಿದ್ದರೆ ಡಬ್ಬಿಯಲ್ಲಿರುವುದು ಸುಮಾರು 2,000 ಕಾಳು! ಹಿಂದೂ ಮಹಾಸಾಗರದಲ್ಲಿ 2005ರಿಂದ ಕೆಲವು ವರ್ಷ ಹೀಗೆಯೇ 1.6 ಲಕ್ಷಕ್ಕೂ ಹೆಚ್ಚು ಟ್ಯೂನಾಗಳಿಗೆ ಗುರುತು ಕಟ್ಟಿ ಬಿಡಲಾಯಿತು. ಕಡಲಿನಲ್ಲಿ ಗುರುತು ಕಳಚುವುದುಂಟು, ಮೀನು ಸಾಯುವುದುಂಟು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಟ್ಯೂನಾ ದೇಶಗಳ ಗಡಿ ಅರಿಯದು. ಆದ್ದರಿಂದ ಭಾರತವೂ ಸದಸ್ಯನಾಗಿರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗ ಸೀಶೆಲ್ಸ್‌ನಲ್ಲಿ ನೆಲೆಸಿದೆ. ಹಳದಿ ರೆಕ್ಕೆಯ ಟ್ಯೂನಾವನ್ನು ಮಿತಿಮೀರಿ ಹಿಡಿಯಲಾಗಿದೆ ಎಂದು 2015ರಲ್ಲಿ ಲೆಕ್ಕ ಹೇಳಿತು. 2016ರಲ್ಲಿ ಹಿಡಿತವನ್ನು ತಗ್ಗಿಸುವ ನಿರ್ಣಯ ಬಂತು. 2024ರ ಅಂದಾಜಿನಲ್ಲಿ ಅದು ಅಪಾಯದ ಸ್ಥಿತಿಯಿಂದ ಹೊರಬಂದಿದೆ. ಹೊಸ ಅಂಕಿಗಳನ್ನು ಬಳಸಿದ್ದೂ ಇದಕ್ಕೊಂದು ಕಾರಣ. ಅಂದರೆ, ಮಿತಿ ಒಮ್ಮೆ ಬರೆದಿಟ್ಟ ಶಾಸನವಲ್ಲ, ಮತ್ತೆ ಮತ್ತೆ ತಾಳೆ ನೋಡಬೇಕಾದ ಲೆಕ್ಕ.

ಸಾಂಬ್ರಾದ ರೈತನಿಗೆ ಇದರ ತಿರುಳನ್ನು ಬಿಡಿಸಿ ಹೇಳಬೇಕಿಲ್ಲ. ಎಂಥ ಬರಗಾಲದಲ್ಲೂ ಬಿತ್ತನೆಯ ಕಾಳನ್ನು ಅವನು ಮುಟ್ಟುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಾರವಾರದ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವುದೂ ಇದೇ ಕಾರಣಕ್ಕೆ. ಬೈತಖೋಲಕ್ಕೆ ಹೋದವರು ಬುಟ್ಟಿಯ ಮೀನಿನ ಬೆಲೆಯ ಜೊತೆಗೆ ಅದರ ಉದ್ದವನ್ನೂ ಗಮನಿಸಲಿ. ಒಮ್ಮೆಯೂ ಮೊಟ್ಟೆಯಿಡದ ಮೀನು ಬುಟ್ಟಿಗೆ ಬಿದ್ದರೆ, ಮುಂದಿನ ವರ್ಷದ ಬಿತ್ತನೆಯ ಕಾಳೇ ಮಾರಾಟಕ್ಕೆ ಬಂದಂತೆ.