ಎಚ್ಚರದ ನಡಿಗೆ

ಈರ್ಯಾಸಮಿತಿಯೆಂಬ ಮಾತನ್ನು ಪ್ರವಚನಗಳಲ್ಲಿ ಕೇಳದ ಶ್ರಾವಕರು ವಿರಳ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಯಾವ ಜೀವಿಗೂ ನೋವಾಗದಂತೆ ಹೆಜ್ಜೆಯಿಡಬೇಕೆಂಬುದು ಅದರ ತಾತ್ಪರ್ಯ. ಆದರೆ ಅದು ಮುನಿಗಳಿಗೆ ಹೇಳಿದ ನಿಯಮವೆಂದು ಭಾವಿಸಿ, ಕೈಮುಗಿದು, ಮೊದಲಿನ ಅವಸರದಲ್ಲಿಯೇ ಮನೆಗೆ ಮರಳುವುದು ಗೃಹಸ್ಥರ ರೂಢಿ. ಚಿಂಚೋಳಿಯಲ್ಲಿ ಹುಟ್ಟಿ, ಚಿತ್ತಾಪುರದಲ್ಲಿ ಬಹುಕಾಲ ಶಿಕ್ಷಕಿಯಾಗಿದ್ದು, ನಿವೃತ್ತಿಯ ಬಳಿಕ ಸೇಡಂನಲ್ಲಿ ಮಗನ ಮನೆಯಲ್ಲಿ ನೆಲೆಸಿದ ಒಬ್ಬ ಶ್ರಾವಿಕೆಗೆ ಈ ಮಾತಿನ ಅರ್ಥವನ್ನು ಕಲಿಸಿದ್ದು ಅವರ ಬಲ ಮೊಣಕಾಲು.

2023ರ ಚಾತುರ್ಮಾಸದ ದಿನಗಳವು. ಬಸದಿಯಲ್ಲಿ ಅಭಿಷೇಕ ಮುಗಿದಿತ್ತು. ಈ ಭಾಗದ ಬಹುತೇಕ ಮನೆಗಳಂತೆ ಆ ಬಸದಿಯ ನೆಲಕ್ಕೂ ಹಾಸಿದ್ದು ಶಹಾಬಾದ್ ಕಲ್ಲು. ಪದರ ಪದರವಾಗಿ ಎದ್ದು ಬರುವ ಈ ಸುಣ್ಣದ ಕಲ್ಲು ಬೇಸಿಗೆಯಲ್ಲಿ ತಂಪು. ಕಾಲಕ್ರಮದಲ್ಲಿ ನುಣುಪಾಗಿ, ನೀರು ಬಿದ್ದರೆ ಜಾರುತ್ತದೆ. ಚೆಲ್ಲಿದ ನೀರನ್ನು ಯಾರೂ ಒರೆಸಿರಲಿಲ್ಲ. ಪೂಜೆಯ ತಟ್ಟೆ ಹಿಡಿದು ಬೇಗನೆ ಹೊರಟ ಅವರೂ ನೆಲವನ್ನು ನೋಡಿರಲಿಲ್ಲ. ಕಾಲು ಜಾರಿ, ಮೊಣಕಾಲು ತಿರುಚಿತು. ಸಂಜೆಯೊಳಗೆ ಅದು ಊದಿಕೊಂಡು, ಮಡಚಲಾಗದಂತಾಯಿತು.

ಜಿಲ್ಲಾ ಕೇಂದ್ರದ ವೈದ್ಯರು ಎಂ.ಆರ್.ಐ. ಚಿತ್ರವನ್ನು ತೋರಿಸಿ ವಿವರಿಸಿದರು. ತೊಡೆಯ ಮೂಳೆ ಮತ್ತು ಕಣಕಾಲ ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಒಳಬದಿಯ ಮೆತ್ತೆ ಹರಿದಿದೆ. ಮೂಳೆಯ ತುದಿಯನ್ನು ಮುಚ್ಚಿದ ಮೃದ್ವಸ್ಥಿಯೂ ವಯಸ್ಸಿಗೆ ತಕ್ಕಂತೆ ಸವೆದಿದೆ ಎಂದರು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಒತ್ತಿಕೊಂಡು, ಭಾರ ಇಳಿದಾಗ ಹಿಗ್ಗಿ, ಕೀಲಿನ ದ್ರವದಿಂದಲೇ ಅದು ಪೋಷಣೆ ಪಡೆಯುತ್ತದೆ. ಆದ್ದರಿಂದ ಒಮ್ಮೆ ಹಾನಿಯಾದರೆ ಅದು ಮೊದಲಿನಂತಾಗುವುದು ಕಷ್ಟ; ಹಾಗೆಂದು ಕಾಲನ್ನು ಸುಮ್ಮನೆ ಇರಿಸಿದರೂ ಅದಕ್ಕೆ ಹಿತವಿಲ್ಲ.

ಶಸ್ತ್ರಚಿಕಿತ್ಸೆ ಬೇಕೇ ಎಂದು ಮಗ ಕೇಳಿದ. ಕೀಲು ಸಿಕ್ಕಿಕೊಳ್ಳುತ್ತಿಲ್ಲವಾದ್ದರಿಂದ ಮೊದಲು ವ್ಯಾಯಾಮವನ್ನು ಪ್ರಯತ್ನಿಸೋಣವೆಂದು ವೈದ್ಯರು ಹೇಳಿದರು. ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಆಧಾರ. ಇಂಥದೇ ತೊಂದರೆಯಿದ್ದ, 45 ವರ್ಷ ದಾಟಿದ 351 ಜನರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯೊಡನೆ ವ್ಯಾಯಾಮವನ್ನೂ, ಉಳಿದವರಿಗೆ ವ್ಯಾಯಾಮವನ್ನು ಮಾತ್ರವೂ ಗೊತ್ತುಪಡಿಸಲಾಗಿತ್ತು. ಆರು ತಿಂಗಳ ಬಳಿಕ ಎರಡೂ ಗುಂಪುಗಳ ಚೇತರಿಕೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಎರಡನೆಯ ಗುಂಪಿನಲ್ಲಿ ಸುಮಾರು ಮೂರನೆಯ ಒಂದು ಭಾಗದವರು ನಡುವೆ ಶಸ್ತ್ರಚಿಕಿತ್ಸೆಗೆ ಹೋದದ್ದೂ ನಿಜ.

ಹೀಗೆ ತಿರುಗಣೆಯುಳ್ಳ ಬ್ರೇಸ್ ಒಂದು ಅವರ ಕಾಲನ್ನು ಸೇರಿತು. ಮೊಣಕಾಲು ಅಡ್ಡಕ್ಕೆ ಹೊರಳದಂತೆ ಅದು ಕಾಯುತ್ತದೆಯೇ ಹೊರತು ಕಾಲಿಗೆ ಬಲ ಕೊಡುವುದಿಲ್ಲ. ಬಲ ಬರಬೇಕಾದದ್ದು ತೊಡೆಯ ಮುಂಭಾಗದ ಸ್ನಾಯುವಿನಿಂದ. ಮೊಣಕಾಲ ಕೆಳಗೆ ಮಡಿಸಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತುವುದು, ಕಾಲನ್ನು ನೇರವಾಗಿ ಎತ್ತಿ ಹಿಡಿಯುವುದು, ಹಿಮ್ಮಡಿಯನ್ನು ಮೆಲ್ಲನೆ ಜಾರಿಸಿ ತನ್ನತ್ತ ಎಳೆದುಕೊಳ್ಳುವುದು: ನೋಡಲು ಅತಿ ಸಣ್ಣ ಕೆಲಸಗಳು. ಸಾವಿರಾರು ಮಕ್ಕಳಿಗೆ ಅಭ್ಯಾಸದ ಮಹತ್ತ್ವವನ್ನು ಬೋಧಿಸಿದ ಆ ಶಿಕ್ಷಕಿ ಮೊದಲ ವಾರದಲ್ಲಿಯೇ ಬೇಸತ್ತರು. ಒಮ್ಮೆ ವ್ಯಾಯಾಮ ಮಾಡದೆಯೇ ಮಾಡಿದೆನೆಂದು ಸೊಸೆಗೆ ಸುಳ್ಳು ಹೇಳಿದರು. ಆ ರಾತ್ರಿ ಪ್ರತಿಕ್ರಮಣಕ್ಕೆ ಕುಳಿತಾಗ ಮೊಣಕಾಲಿಗಿಂತ ಹೆಚ್ಚು ನೋಯಿಸಿದ್ದು ಆ ಸುಳ್ಳು.

ಒಂದು ತಿಂಗಳು ಕಳೆದಿತ್ತು. ನೋವಿಗೆಂದು ಪರಿಚಿತರು ಸೂಚಿಸಿದ ಗ್ಲುಕೋಸಮೈನ್ ಮಾತ್ರೆಗಳನ್ನು ಅವರು ದಿನವೂ ನುಂಗುತ್ತಿದ್ದರು. ಒಂದು ದಿನ ಸೊಸೆ ಡಬ್ಬಿಯನ್ನು ಬೆಳಕಿಗೆ ಹಿಡಿದು, "ಅತ್ತಿ, ಇದರ ಮ್ಯಾಲ ಕಂದು ತ್ರಿಕೋನ ಅದ ನೋಡ್ರಿ. ಇದು ನಮಗ ನಡೀತದೇನ್ರಿ?" ಎಂದಳು. ವಿಚಾರಿಸಿದಾಗ ತಿಳಿದುಬಂದುದಿಷ್ಟು: ಗ್ಲುಕೋಸಮೈನನ್ನು ಬಹುಮಟ್ಟಿಗೆ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ, ಅದರೊಡನೆ ಬರುವ ಕಾಂಡ್ರಾಯ್ಟಿನ್ ದನ, ಶಾರ್ಕ್ ಮೊದಲಾದವುಗಳ ಮೃದ್ವಸ್ಥಿಯದು, ಕ್ಯಾಪ್ಸೂಲಿನ ಹೊದಿಕೆ ಪ್ರಾಯಃ ಜೆಲಟಿನ್. ಕೀಲಿಗೆ ಕೊಡುವ ಹೈಯಲುರಾನಿಕ್ ಚುಚ್ಚುಮದ್ದುಗಳಲ್ಲಿಯೂ ಕೋಳಿಯ ಜುಟ್ಟಿನಿಂದ ತಯಾರಾದವುಗಳಿವೆ. ಹುದುಗುವಿಕೆಯಿಂದ ತಯಾರಾದವೂ ಇವೆ.

ಈರುಳ್ಳಿ ಬೆಳ್ಳುಳ್ಳಿಗಳನ್ನು ತೊರೆದು, ಸೂರ್ಯಾಸ್ತದ ಮೊದಲು ಊಟ ಮುಗಿಸುತ್ತಿದ್ದ ಆ ವೃದ್ಧೆ ಅಂದು ಅನ್ನ ಮುಟ್ಟಲಿಲ್ಲ. ತಿಳಿಯದೆ ಆದದ್ದಲ್ಲವೇ ಎಂದು ಮನೆಯವರು ಸಮಾಧಾನ ಹೇಳಿದರು. ತಿಳಿಯದೆ ಎಂಬ ಮಾತು ಪೂರ್ತಿ ನಿಜವಲ್ಲವೆಂದು ಅವರಿಗೆ ಅನಿಸುತ್ತಿತ್ತು. ಗುರುತು ಡಬ್ಬಿಯ ಮೇಲೆಯೇ ಇತ್ತು. ಓದುಬರಹ ಬಲ್ಲ ಕಣ್ಣುಗಳೂ ಇದ್ದವು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮೊದಲು ಇರಿಸಿದ್ದೇಕೆಂಬುದು ಅವರಿಗೆ ಹೊಳೆಯಿತು. ಒರೆಸದ ನೀರು ಪ್ರಮಾದ. ನೋಡದ ಹೆಜ್ಜೆ ಪ್ರಮಾದ. ಓದದ ಡಬ್ಬಿಯೂ ಪ್ರಮಾದ.

ಮುಂದಿನ ಭೇಟಿಯಲ್ಲಿ ಅವರು ವೈದ್ಯರನ್ನು ನೇರವಾಗಿ ಕೇಳಿದರು: "ಇದು ಬಿಟ್ಟರ ನನ್ನ ಕಾಲು ನಡಿಯಂಗಿಲ್ಲೇನ್ರಿ?" ವೈದ್ಯರು ನಕ್ಕು, ಬಿಡಲು ಅಡ್ಡಿಯಿಲ್ಲವೆಂದರು. ಮೊಣಕಾಲ ಸವೆತವುಳ್ಳ 1,583 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಎರಡು ವಸ್ತುಗಳು ಒಟ್ಟಾರೆಯಾಗಿ ಹುಸಿಮಾತ್ರೆಗಿಂತ ಹೆಚ್ಚು ಗುಣ ತೋರಿರಲಿಲ್ಲ. ಬೇಕೆನ್ನುವವರಿಗೆ ಮೆಕ್ಕೆಜೋಳದಿಂದ ಮಾಡಿದ ಗ್ಲುಕೋಸಮೈನೂ ದೊರೆಯುತ್ತದೆ. ಅವರು ಅದನ್ನೂ ಬಯಸಲಿಲ್ಲ. ವ್ಯಾಯಾಮವನ್ನು ಮಾತ್ರ ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

ಚಿಕಿತ್ಸೆಗಾಗಿ ಸೇಡಂನಿಂದ ರೈಲಿನಲ್ಲಿ ಮಳಖೇಡ, ಚಿತ್ತಾಪುರಗಳನ್ನು ದಾಟಿ ವಾಡಿ ಜಂಕ್ಷನ್, ಅಲ್ಲಿಂದ ಶಹಾಬಾದ್ ಮೂಲಕ ಕಲಬುರಗಿ: ಇದು ಅವರ ಮಾರ್ಗವಾಗಿತ್ತು. ವಾಡಿಯ ಮೇಲ್ಸೇತುವೆಯ ಮೆಟ್ಟಿಲುಗಳೇ ಅವರ ಪರೀಕ್ಷಾಕೊಠಡಿ. ಏರುವಾಗ ಗಟ್ಟಿಯಾದ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು, ಕೋಲು ಎಡಗೈಯಲ್ಲಿ. ಹಿಂದಿನವರು ಅವಸರಿಸಿದರೂ ಅವರು ಅವಸರಿಸಲಿಲ್ಲ. ಕೆಳಗೆ ನೋಡುತ್ತ ನಡೆಯುವಾಗ, ಇಷ್ಟು ವರ್ಷ ಕಣ್ಣಿಗೆ ಬೀಳದಿದ್ದ ಇರುವೆಯ ಸಾಲುಗಳು ಅವರಿಗೆ ಕಾಣತೊಡಗಿದವು.

ಅತ್ಯಂತ ಕಠಿಣವಾದದ್ದು ಬಸದಿಗೆ ಮರಳುವುದು. ಮೊಣಕಾಲೂರಿ ನಮಸ್ಕರಿಸಲಾಗದು, ಜಿನಬಿಂಬದ ಎದುರು ಕುರ್ಚಿಯಲ್ಲಿ ಕೂರುವುದು ಅವಿನಯವಲ್ಲವೇ ಎಂಬ ಅಳುಕು. ಎರಡು ದಿನ ಅವರು ಹೊರಗೇ ನಿಂತು ಕೈಮುಗಿದು ಹೋದರು. ಮೂರನೆಯ ದಿನ ಬಸದಿಯ ಪಂಡಿತರು ತಾವೇ ಕುರ್ಚಿ ತಂದಿಟ್ಟು, "ಅಕ್ಕಾರ, ಕಾಲು ಮಡಚಲಾರದವರಿಗೆ ಇದರಾಗ ದೋಷ ಇಲ್ಲ. ಮಾನ ಮಡಚಿದ್ರ ಸಾಕು, ಕೂಡ್ರಿ" ಎಂದರು. ಜೀವನವಿಡೀ ಇತರರ ಸೇವೆ ಮಾಡಿದ್ದ ಅವರಿಗೆ ಸೇವೆಯನ್ನು ಸ್ವೀಕರಿಸಲು ಬಾರದಿದ್ದುದು ಆಗ ಅರಿವಾಯಿತು. ರೋಗಿಗಳ ಉಪಚಾರವಾದ ವೈಯಾವೃತ್ತ್ಯವನ್ನು ಜೈನಧರ್ಮವು ಅಂತರಂಗ ತಪಸ್ಸುಗಳಲ್ಲಿ ಎಣಿಸಿದೆ. ಆ ತಪಸ್ಸಿಗೆ ಇನ್ನೊಬ್ಬರಿಗೆ ಅವಕಾಶ ಕೊಡದಿರುವುದೂ ಒಂದು ಬಗೆಯ ಮಾನಕಷಾಯವೇ.

ವಿಶ್ವಸ್ತ ಮಂಡಳಿಯವರು ಕ್ಷಮೆ ಕೇಳಲು ಮನೆಗೆ ಬಂದಾಗ ಅವರು ಯಾರನ್ನೂ ದೂರಲಿಲ್ಲ. ಕ್ಷಮೆಯ ಜೊತೆಗೆ ಮೂರು ವಸ್ತುಗಳನ್ನು ಕೇಳಿದರು: ಮೆಟ್ಟಿಲಿಗೊಂದು ಹಿಡಿಕೆ, ಅಭಿಷೇಕದ ನೀರು ಹರಿಯುವ ಕಡೆ ಒರಟು ಕಲ್ಲು, ಗೋಡೆಯ ಬದಿಗೆ ನಾಲ್ಕು ಕುರ್ಚಿ. ಹಿಡಿಕೆ ಮತ್ತು ಕುರ್ಚಿಗಳು ಬಂದಿವೆ. ಕಲ್ಲಿನ ಕೆಲಸ ಇನ್ನೂ ಆಗಬೇಕಿದೆ. ಅದಾಗುವವರೆಗೆ ಪ್ರತಿದಿನ ಅಭಿಷೇಕದ ಬಳಿಕ ಒಬ್ಬ ತರುಣ ನೆಲವನ್ನು ಒರೆಸುತ್ತಾನೆ. ಒರೆಸುವ ಮುನ್ನ ಅಲ್ಲಿ ಇರುವೆಗಳಿವೆಯೇ ಎಂದು ನೋಡುತ್ತಾನೆ. ಹಾಗೆ ನೋಡುವುದನ್ನು ಅವನಿಗೆ ಕಲಿಸಿದವರು ಕುರ್ಚಿಯಲ್ಲಿ ಕುಳಿತ ಆ ಅಕ್ಕಾರೇ.