ಬೂಟು ಕೊಡವಿ ಹಾಕ್ಕೊಳ್ಳಿ

ಸಿಡ್ನಿಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದ ಫೆಬ್ರುವರಿಯ ಒಂದು ವಾರ. ನಮ್ಮ ಬಾಡಿಗೆ ಮನೆಯಲ್ಲಿ ನಾವು ಐದು ಜನ. ಅದರಲ್ಲಿ ಹಾಸನದ ಹುಡುಗನದು ತೋಟದ ಕೆಲಸ. ಬೆಳಗ್ಗೆ ಎದ್ದು, ಹಿತ್ತಲಲ್ಲಿ ಬಿಟ್ಟಿದ್ದ ಬೂಟನ್ನು ಊರಿನ ಅಭ್ಯಾಸದಂತೆ ನೆಲಕ್ಕೆ ಕುಟ್ಟಿ ಕೊಡವಿದ. ಒಳಗಿಂದ ಕರ್ರಗೆ ಹೊಳೆಯುವ ಜೇಡವೊಂದು ಬಿತ್ತು. ಅದು ಓಡಲಿಲ್ಲ. ಮುಂಗಾಲೆತ್ತಿ, ಹಲ್ಲು ತೋರಿಸಿ ನಿಂತುಬಿಟ್ಟಿತು. ಹುಡುಗ ಅವತ್ತೂ ಕೆಲಸಕ್ಕೆ ಹೋಗಲಿಲ್ಲ, ಮಾರನೇ ದಿನವೂ ಹೋಗಲಿಲ್ಲ. ಗಂಟೆ ಲೆಕ್ಕದ ದುಡಿಮೆ, ಎರಡು ದಿನದ ಸಂಬಳ ಹೋಯ್ತು. "ಅಣ್ಣಾ, ಬೇರೆ ಕೆಲಸ ನೋಡ್ಕೋತೀನಿ" ಅಂದ.

ಹೆದರಿಸಿದ್ದನ್ನ ಕಣ್ಣಾರೆ ನೋಡಿ ಬರೋಣ ಅಂತ ಭಾನುವಾರ ಐವರೂ ಒಂದೇ ಕಾರಿನಲ್ಲಿ ಹೊರಟೆವು. ಬುತ್ತಿಗೆ ಚಿತ್ರಾನ್ನ. ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಹಾಕ್ಸ್‌ಬರಿ ನದಿಯ ಸೇತುವೆ ದಾಟಿ, ಬಂಡೆ ಸೀಳಿ ಮಾಡಿದ ದಾರಿಯಲ್ಲಿ ಗುಡ್ಡ ಹತ್ತಿದರೆ, ಸುಮಾರು ಒಂದು ಗಂಟೆಯ ಪ್ರಯಾಣದಲ್ಲಿ ಸೋಮರ್ಸ್‌ಬಿ ಸಿಗುತ್ತದೆ. ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕ್ ಇರುವುದು ಅಲ್ಲೇ. ಮೊಸಳೆ, ಹಾವು ನೋಡಲು ಬರುವವರೇ ಹೆಚ್ಚು. ನಾವು ಮಾತ್ರ ನೇರ ಜೇಡಗಳ ಕಡೆ ನಡೆದೆವು.

ಗಾಜಿನ ಹಿಂದೆ ಅದೇ ಕರಿ ಜೇಡ, ಸಿಡ್ನಿ ಫನಲ್ ವೆಬ್. ತಂಪಾದ ಮಣ್ಣಿನಲ್ಲಿ, ಕಲ್ಲಿನಡಿ, ಮರದ ದಿಮ್ಮಿಯಡಿ ಬಿಲ ಮಾಡಿ, ಬಾಯಿಗೆ ರೇಷ್ಮೆಯ ಬಲೆ ನೇಯುತ್ತದೆ. ಹೆಣ್ಣು ಬಿಲ ಬಿಟ್ಟು ಬರುವುದು ಕಡಿಮೆ. ಬೇಸಿಗೆಯ ಮಳೆ ಬಿದ್ದಾಗ ಹೆಣ್ಣನ್ನು ಹುಡುಕಿಕೊಂಡು ಅಲೆಯುವುದು ಗಂಡು, ವಿಷ ಜಾಸ್ತಿ ಇರುವುದೂ ಅದಕ್ಕೇ. ಬೆಳಗಾಗುವ ಹೊತ್ತಿಗೆ ಬೂಟು, ಒಗೆಯುವ ಬಟ್ಟೆಯ ರಾಶಿ, ಈಜುಕೊಳ, ಎಲ್ಲಿ ತೇವ ಸಿಕ್ಕಿತೋ ಅಲ್ಲಿ ಸೇರಿಕೊಳ್ಳುತ್ತದೆ. ನಮ್ಮ ಹುಡುಗನ ಬೂಟಿಗೆ ಬಂದದ್ದೂ ಹೀಗೇ ಇರಬೇಕು.

ಕಚ್ಚಿದರೆ ಸಾಯ್ತಾರಾ? ನಮಗೆ ಬೇಕಿದ್ದ ಉತ್ತರ ಇದೊಂದೇ. ಹಿಂದೆ ಸತ್ತಿದ್ದಾರೆ. 1927ರಿಂದ 1981ರ ನಡುವೆ ದಾಖಲಾದ ಸಾವು 13. ಮೆಲ್ಬರ್ನಿನಲ್ಲಿ ಸ್ಟ್ರುವಾನ್ ಸದರ್ಲೆಂಡ್ ಎಂಬ ವೈದ್ಯ ವಿಜ್ಞಾನಿ ವರ್ಷಗಟ್ಟಲೆ ದುಡಿದು ಪ್ರತಿವಿಷ ಕಂಡುಹಿಡಿದರು. 1981ರಲ್ಲಿ ಅದು ಬಳಕೆಗೆ ಬಂದ ಮೇಲೆ ಈ ಜೇಡದಿಂದ ಒಂದು ಸಾವೂ ದಾಖಲಾಗಿಲ್ಲ.

ಆ ಔಷಧಿಗೆ ಬೇಕಾದ ವಿಷ ಹೋಗುವುದು ಈ ಪಾರ್ಕಿನಿಂದಲೇ. ಸಾಕುವವರು ಜೇಡವನ್ನು ಕೆಣಕುತ್ತಾರೆ, ಅದು ಹಲ್ಲೆತ್ತಿ ನಿಲ್ಲುತ್ತದೆ, ಹಲ್ಲಿನ ತುದಿಯ ಹನಿಯನ್ನು ಸಣ್ಣ ಗಾಜಿನ ಕೊಳವೆಯಿಂದ ಹೀರಿಕೊಳ್ಳುತ್ತಾರೆ. ಆ ವಿಷವನ್ನು ಸ್ವಲ್ಪ ಸ್ವಲ್ಪವೇ ಮೊಲಗಳಿಗೆ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯದಿಂದ ಔಷಧಿ ಮಾಡುತ್ತಾರೆ. ಜೇಡಗಳನ್ನು ಹಿಡಿದು ತಂದುಕೊಡುವವರು ಊರಿನ ಜನರೇ. ಅಗಲ ಬಾಯಿಯ ಡಬ್ಬಿ, ಉದ್ದನೆಯ ಕಡ್ಡಿ, ಒಳಗೆ ಒದ್ದೆ ಮಣ್ಣು. ಕೈ ಮಾತ್ರ ತಾಗಿಸಬಾರದು. ನಾವು ಪೊರಕೆಯಿಂದ ಚಚ್ಚಿದ್ದ ಆ ಜೇಡ ಯಾರದೋ ಜೀವಕ್ಕೆ ಆಗ್ತಿತ್ತಲ್ಲ ಅಂತ ನಾಚಿಕೆಯಾಯ್ತು.

ಇನ್ನೊಂದು ವಿಚಿತ್ರ. ಫನಲ್ ವೆಬ್ ವಿಷ ಮನುಷ್ಯನಿಗೂ ಕೋತಿಗೂ ಕಂಟಕ, ನಾಯಿ ಬೆಕ್ಕು ಅದನ್ನು ಬಹಳಮಟ್ಟಿಗೆ ತಡೆದುಕೊಳ್ಳುತ್ತವೆ. ಕ್ವೀನ್ಸ್‌ಲ್ಯಾಂಡ್ ಕಡೆಯ ರೋಮದ ಟರಾಂಟುಲ ನೋಡಿ, ತದ್ವಿರುದ್ಧ. ಅದರ ಕಡಿತಕ್ಕೆ ನಾಯಿ ಸತ್ತಿದೆ, ಮನುಷ್ಯನಿಗೆ ನೋವು, ವಾಕರಿಕೆ ಅಷ್ಟೆ. ನಮ್ಮ ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲೂ ಟರಾಂಟುಲಗಳಿವೆ. ಒಂದಕ್ಕೆ ಇಂಗ್ಲಿಷಿನಲ್ಲಿ ಮೈಸೂರಿನ ಹೆಸರೇ ಇದೆ. ಆ ಜಾತಿಯವು ಕಚ್ಚಿದರೆ ಸ್ನಾಯು ಹಿಡಿದುಕೊಂಡು ದಿನಗಟ್ಟಲೆ ನೋವು ಕೊಡಬಹುದು. ಅಂಗೈ ಅಗಲದ ಹಂಟ್ಸ್‌ಮನ್ ಗೋಡೆ ಮೇಲೆ ಕಂಡರೆ ನಾವೆಲ್ಲ ಕಿರುಚುತ್ತೇವೆ, ಅದರಿಂದ ದೊಡ್ಡ ಅಪಾಯವಿಲ್ಲ. ಕಾರು ಓಡಿಸುವಾಗ ಮೈಮೇಲೆ ಬಿದ್ದರೆ ಗಾಬರಿಯಾಗಿ ಸ್ಟೀರಿಂಗ್ ಬಿಡುವುದೇ ಅಪಾಯ. ಗಾತ್ರ ನೋಡಿ ಹೆದರಬೇಡಿ ಅನ್ನೋದು ಇದಕ್ಕೇ.

ಹೊರಗೆ ಕೆಲಸ ಮಾಡುವ ನಮ್ಮವರು ಇಷ್ಟು ನೆನಪಿಡಿ. ಕೈಗವಸು ಹಾಕದೆ ಇಟ್ಟಿಗೆ, ಸೌದೆ, ಕುಂಡ ಎತ್ತಬೇಡಿ. ದೊಡ್ಡ ಕರಿ ಜೇಡ ಕಚ್ಚಿದರೆ ಫನಲ್ ವೆಬ್ ಅಂತಲೇ ತಿಳಿಯಿರಿ. ಕಚ್ಚಿದ ಜಾಗದಿಂದ ಶುರುಮಾಡಿ ಇಡೀ ಕೈಗೋ ಕಾಲಿಗೋ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಕಡ್ಡಿ ಕಟ್ಟಿ, ಅಲ್ಲಾಡದೆ ಮಲಗಿಸಿ, 000ಗೆ ಫೋನ್ ಮಾಡಿ. ನಡೆಸಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಬಿಲ್ಲಿನ ಯೋಚನೆ ಆಮೇಲೆ. ಬೆನ್ನ ಮೇಲೆ ಕೆಂಪು ಪಟ್ಟಿಯ ರೆಡ್‌ಬ್ಯಾಕ್ ಕಚ್ಚಿದರೆ ಬ್ಯಾಂಡೇಜ್ ಬೇಡ, ಐಸ್ ಇಟ್ಟು ವೈದ್ಯರ ಹತ್ತಿರ ಹೋಗಿ. ಅದಕ್ಕೆ 1956ರಿಂದಲೇ ಪ್ರತಿವಿಷ ಇದೆ. ಅನುಮಾನವಿದ್ದರೆ ವಿಷ ಮಾಹಿತಿ ಕೇಂದ್ರದ ನಂಬರ್ 13 11 26.

ವಾಪಸ್ ಬರುವಾಗ ನದಿ ದಂಡೆಯಲ್ಲಿ ಕೂತು ಚಿತ್ರಾನ್ನ ತಿಂದೆವು. ಸೋಮವಾರ ಹುಡುಗ ಕೆಲಸಕ್ಕೆ ಹೋದ. ಬ್ಯಾಗಿನಲ್ಲಿ ಎರಡು ಸುರುಳಿ ಬ್ಯಾಂಡೇಜ್. ನಮ್ಮ ಐದು ಜೊತೆ ಬೂಟು ಈಗ ಮನೆಯೊಳಗೇ ಇರುತ್ತವೆ. ಆದರೂ ಕೊಡವದೆ ಯಾರೂ ಹಾಕಿಕೊಳ್ಳುವುದಿಲ್ಲ.