ಗಳಿಸದೆ ದೊರೆತ ಕೊಡುಗೆ

ಮಾನಕಷಾಯವು ವಿದ್ಯಾವಂತರನ್ನು ಬಿಗಿಯಾಗಿ ಹಿಡಿಯುತ್ತದೆ. ಆಕ್ಸ್‌ಫರ್ಡಿನ ವಿದ್ವಾಂಸ ಸಿ. ಎಸ್. ಲೂಯಿಸರ ಬಾಳು ಇದಕ್ಕೊಂದು ನಿದರ್ಶನ. 1908ರಲ್ಲಿ, ಒಂಬತ್ತರ ಪ್ರಾಯದಲ್ಲಿ, ತಾಯಿಯ ಪ್ರಾಣಕ್ಕಾಗಿ ಅವರು ಪ್ರಾರ್ಥಿಸಿದರು, ತಾಯಿ ಉಳಿಯಲಿಲ್ಲ. ಮುಂದೆ ಅವರು ನಾಸ್ತಿಕರಾದರು.

1926ರಲ್ಲಿ ಅವರಿಗೆ ಜೆ. ಆರ್. ಆರ್. ಟೋಲ್ಕಿನರ ಪರಿಚಯವಾಯಿತು. ಬೆಲ್‌ಫಾಸ್ಟಿನ ಪ್ರಾಟೆಸ್ಟೆಂಟ್ ಮನೆತನದ ಲೂಯಿಸರಿಗೆ ಕ್ಯಾಥೊಲಿಕರನ್ನು ನಂಬಬಾರದೆಂಬ ಎಚ್ಚರಿಕೆ ಬಾಲ್ಯದಿಂದಲೇ ಇತ್ತು; ಟೋಲ್ಕಿನರು ಕ್ಯಾಥೊಲಿಕರೇ. ಆದರೂ ಉತ್ತರ ಯೂರೋಪಿನ ಪುರಾಣಗಳ ಮೇಲಿನ ಒಲವು ಇಬ್ಬರನ್ನೂ ಬೆಸೆಯಿತು.

ಕಾಲಕ್ರಮದಲ್ಲಿ ಲೂಯಿಸರು ದೇವರನ್ನು ಒಪ್ಪಿದರು. ಆದರೆ ಎಂದೋ ಸತ್ತ ಕ್ರಿಸ್ತನಿಂದ ಇಂದಿನವರಿಗೇನು ಫಲವೆಂಬುದು ಅವರಿಗೆ ತಿಳಿಯಲಿಲ್ಲ. 1931ರ ಸೆಪ್ಟೆಂಬರ್ 19ರ ರಾತ್ರಿ ಟೋಲ್ಕಿನ್ ಮತ್ತು ಹ್ಯೂಗೊ ಡೈಸನ್ ಅವರೊಡನೆ ಬಹು ಹೊತ್ತು ಮಾತನಾಡಿದರು. ಪುರಾಣಗಳಲ್ಲಿ ದೇವತೆಯ ಆತ್ಮಾರ್ಪಣೆಗೆ ಕರಗುವ ಹೃದಯ ಇಲ್ಲೇಕೆ ಮುಚ್ಚಿಕೊಳ್ಳಬೇಕು ಎಂಬುದೇ ಆ ಮಾತಿನ ತಿರುಳು. ಒಂಬತ್ತು ದಿನಗಳ ಬಳಿಕ, ಸೋದರನ ಮೋಟಾರ್ ಸೈಕಲ್ಲಿನ ಪಕ್ಕಗಾಡಿಯಲ್ಲಿ ಮೃಗಾಲಯಕ್ಕೆ ಹೋಗುವ ದಾರಿಯಲ್ಲಿ, ಅವರಲ್ಲಿ ನಂಬಿಕೆ ನೆಲೆಗೊಂಡಿತು.

ಕ್ರೈಸ್ತರು ಅನುಗ್ರಹವೆನ್ನುವುದು ಪುಣ್ಯದ ಕೂಲಿಯನ್ನಲ್ಲ, ಗಳಿಸದೆ ದೊರೆತ ಕೊಡುಗೆಯನ್ನು. ಒಬ್ಬನ ಕರ್ಮವನ್ನು ಇನ್ನೊಬ್ಬನು ಸವೆಸಲಾರನೆಂಬುದು ಜೈನ ಸಿದ್ಧಾಂತ. ಈ ಅಂತರವನ್ನು ಮರೆಮಾಚಬೇಕಾಗಿಲ್ಲ. ಆದರೂ ಸಮ್ಯಗ್ದರ್ಶನವು ನಿಸರ್ಗದಿಂದಲೋ ಅಧಿಗಮದಿಂದಲೋ ಉಂಟಾಗುವುದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಅನ್ಯರ ನುಡಿಯಿಂದ ಕಣ್ತೆರೆಯುವುದು ಅಲ್ಲಿಯೂ ಸಮ್ಮತವೇ.

ಲೂಯಿಸರು ಸೇರಿದ್ದು ಆಂಗ್ಲಿಕನ್ ಸಭೆಯನ್ನು. ಟೋಲ್ಕಿನರಿಗೆ ಅದು ನೋವು ತಂದರೂ ಮೈತ್ರಿ ಮುರಿಯಲಿಲ್ಲ. ಕೊಟ್ಟದ್ದಕ್ಕೆ ಪ್ರತಿಫಲವನ್ನು ಬಯಸದಿರುವುದು ಯಾವ ಧರ್ಮದಲ್ಲಿಯೂ ಸುಲಭಸಾಧ್ಯವಲ್ಲ.